ಪೋಸ್ಟ್‌ಡಾಕ್ ಹುದ್ದೆಗೆ ಅಧಿಸೂಚನೆ ಕಾಯಬೇಡಿ

ಪಿಎಚ್.ಡಿ.ಯ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ನಮ್ಮ ವಿದ್ಯಾರ್ಥಿಗಳು ಅರ್ಜಿ ಹಾಕುವುದರಲ್ಲಿ ಪಳಗಿರುತ್ತಾರೆ. ನೆಟ್, ಕೆ-ಸೆಟ್, ಪಿಎಚ್.ಡಿ. ಪ್ರವೇಶ ಪರೀಕ್ಷೆ, ಸರ್ಕಾರಿ ಕಾಲೇಜುಗಳ ಸಹಾಯಕ ಪ್ರಾಧ್ಯಾಪಕರ ನೇಮಕಾತಿ, ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ ಕ್ರಮ. ಅಧಿಸೂಚನೆ ಹೊರಡುತ್ತದೆ, ಕೊನೆಯ ದಿನಾಂಕ ಇರುತ್ತದೆ, ಶುಲ್ಕ ಕಟ್ಟಿ ಅರ್ಜಿ ತುಂಬುತ್ತೇವೆ, ಆಯ್ಕೆ ಪಟ್ಟಿಗೆ ಕಾಯುತ್ತೇವೆ. ಅದೇ ಅಭ್ಯಾಸದಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆಗೂ ಅನೇಕರು ಕಾಯುತ್ತಾರೆ. ಪ್ರಬಂಧ ಸಲ್ಲಿಸಿದ ಮೇಲೆ ವಿಶ್ವವಿದ್ಯಾಲಯಗಳ ಜಾಲತಾಣ ತೆರೆದು ‘ನೇಮಕಾತಿ’ ವಿಭಾಗದಲ್ಲಿ ಹುಡುಕುತ್ತಾರೆ, ಅಲ್ಲಿ ಏನೂ ಇಲ್ಲವೆಂದು ಮುಚ್ಚುತ್ತಾರೆ. ಹೀಗೆ ಒಂದು ವರ್ಷ ಉರುಳಿದರೆ ಆ ವರ್ಷದ ಜೊತೆಗೆ ಕೆಲವು ಫೆಲೋಶಿಪ್‌ಗಳ ಅರ್ಹತೆಯೂ ಉರುಳಿಹೋಗುತ್ತದೆ.

ಪೋಸ್ಟ್‌ಡಾಕ್ ಎನ್ನುವುದು ವಿಶ್ವವಿದ್ಯಾಲಯದ ಮಂಜೂರಾದ ಖಾಯಂ ಹುದ್ದೆ ಅಲ್ಲ. ಒಬ್ಬ ಪ್ರಾಧ್ಯಾಪಕ, ಒಂದು ಸಂಶೋಧನಾ ಪ್ರಶ್ನೆ, ಒಂದಷ್ಟು ವರ್ಷಗಳ ಹಣ, ಈ ಮೂರೂ ಕೂಡಿದಾಗ ಅದು ಹುಟ್ಟುತ್ತದೆ, ಹಣ ಮುಗಿದಾಗ ಇಲ್ಲವಾಗುತ್ತದೆ. ಆದ್ದರಿಂದ ಹುಡುಕಬೇಕಾದದ್ದು ಖಾಲಿ ಹುದ್ದೆಯನ್ನಲ್ಲ. ನಿಮ್ಮ ಕೆಲಸಕ್ಕೆ ಹತ್ತಿರವಿರುವ ವ್ಯಕ್ತಿಯನ್ನು ಹುಡುಕಬೇಕು, ಆಮೇಲೆ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಹುಡುಕಬೇಕು. ಈ ಎರಡು ಹುಡುಕಾಟ ಸರಿಯಾಗಿ ಅರ್ಥವಾದರೆ ಉಳಿದದ್ದೆಲ್ಲ ಅರ್ಜಿ ತುಂಬುವ ಕೆಲಸ.

ಪಿಎಚ್.ಡಿ. ಮುಗಿಸಿದವರು ಸ್ವತಂತ್ರ ಸಂಶೋಧಕರಾಗುವ ಮೊದಲು ಮತ್ತೊಬ್ಬರ ತಂಡದಲ್ಲಿ ಒಂದರಿಂದ ಮೂರು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ, ಪೂರ್ಣಾವಧಿ ಸಂಶೋಧನೆ ಮಾಡುವ ಅವಧಿ ಇದು. ಪರೀಕ್ಷೆ ಇಲ್ಲ, ಪದವಿ ಇಲ್ಲ. ಈ ಅವಧಿಯ ಕೊನೆಯಲ್ಲಿ ನಿಮ್ಮ ಕೈಯಲ್ಲಿ ಉಳಿಯುವುದು ಪ್ರಕಟಣೆಗಳು, ಹೊಸ ಕೌಶಲ ಮತ್ತು ನಿಮ್ಮ ಬಗ್ಗೆ ತಿಳಿದು ಮಾತನಾಡಬಲ್ಲ ಒಬ್ಬ ಹಿರಿಯರು. ಸಿ.ಎನ್.ಆರ್. ರಾವ್ ಅವರು 1958ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿ, ಬರ್ಕ್ಲಿಯಲ್ಲಿ ಸ್ವಲ್ಪ ಕಾಲ ಸಂಶೋಧನೆ ಮಾಡಿ, 1959ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಆ ಕಾಲಕ್ಕೆ ನಡುವಿನ ಈ ಹೆಜ್ಜೆ ಚಿಕ್ಕದಾಗಿತ್ತು. ಈಗ ಪ್ರಾಯೋಗಿಕ ವಿಜ್ಞಾನಗಳಲ್ಲಿ ಪೋಸ್ಟ್‌ಡಾಕ್ ಅನುಭವವಿಲ್ಲದೆ ಐಐಎಸ್‌ಸಿ, ಐಐಟಿ, ಐಸರ್‌ಗಳಲ್ಲಿ ಪ್ರಾಧ್ಯಾಪಕ ಹುದ್ದೆ ಸಿಗುವುದು ಬಹಳ ಅಪರೂಪ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ಹೋಗಬೇಕೆಂದರೂ ಅನುಭವ ವ್ಯರ್ಥವಲ್ಲ. ಯುಜಿಸಿಯ 2018ರ ನಿಯಮಾವಳಿಯ ಪ್ರಕಾರ ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕರ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವದ ಪ್ರತಿ ವರ್ಷಕ್ಕೆ 2 ಅಂಕದಂತೆ ಗರಿಷ್ಠ 10 ಅಂಕಗಳಿವೆ.

ಹಣ ಯಾರ ಜೇಬಿನಲ್ಲಿದೆ?

ಪೋಸ್ಟ್‌ಡಾಕ್‌ಗೆ ಸಂಬಳ ಮೂರು ಕಡೆಗಳಿಂದ ಬರಬಹುದು, ಮತ್ತು ಮೂರಕ್ಕೂ ಹುಡುಕುವ ದಾರಿ ಬೇರೆ ಬೇರೆ.

ಮೊದಲನೆಯದು ಪ್ರಾಧ್ಯಾಪಕರ ಪ್ರಾಜೆಕ್ಟ್. ಅವರಿಗೆ ಯಾವುದೋ ಅನುದಾನ ಸಂಸ್ಥೆ ನಾಲ್ಕೈದು ವರ್ಷಕ್ಕೆ ಹಣ ಕೊಟ್ಟಿರುತ್ತದೆ, ಅದರಲ್ಲಿ ಒಬ್ಬರೋ ಇಬ್ಬರೋ ಸಂಶೋಧಕರ ಸಂಬಳ ಸೇರಿರುತ್ತದೆ. ಏನು ಕೆಲಸ ಎಂಬುದು ಪ್ರಾಜೆಕ್ಟ್ ಬರೆಯುವಾಗಲೇ ಬಹುಪಾಲು ನಿರ್ಧಾರವಾಗಿರುತ್ತದೆ. ಭಾರತದಲ್ಲಿ ಇದಕ್ಕೆ ‘ರಿಸರ್ಚ್ ಅಸೋಸಿಯೇಟ್’ ಎಂಬ ಹೆಸರು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2023ರ ಜನವರಿ 1ರಿಂದ ಜಾರಿಗೆ ತಂದ ದರದಂತೆ ಮೂರು ಹಂತಗಳಿಗೆ ತಿಂಗಳಿಗೆ 58,000, 61,000 ಮತ್ತು 67,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಇಂಥ ಹುದ್ದೆಗಳಿಗೆ ಜಾಹೀರಾತು ಬರುತ್ತದೆ ನಿಜ, ಆದರೆ ಅದು ಸಂಸ್ಥೆಯ ಜಾಲತಾಣದ ಮೂಲೆಯಲ್ಲಿ ಎರಡು ಮೂರು ವಾರ ಇದ್ದು ಹೋಗುತ್ತದೆ. ಪ್ರಾಧ್ಯಾಪಕರಿಗೆ ನಿಮ್ಮ ಪರಿಚಯ ಮೊದಲೇ ಇದ್ದರೆ ಅದು ಹೊರಬೀಳುವಾಗ ನಿಮಗೆ ತಿಳಿಯುತ್ತದೆ.

ಎರಡನೆಯದು ನಿಮ್ಮದೇ ಫೆಲೋಶಿಪ್. ಹಣ ನಿಮ್ಮ ಹೆಸರಿನಲ್ಲಿ ಬರುತ್ತದೆ, ಸಂಶೋಧನಾ ಯೋಜನೆ ನಿಮ್ಮದು, ಪ್ರಾಧ್ಯಾಪಕರು ಆತಿಥೇಯರು ಮಾತ್ರ. ಇದರ ಗೌರವ ಹೆಚ್ಚು, ಸ್ವಾತಂತ್ರ್ಯವೂ ಹೆಚ್ಚು. ಆದರೆ ಅರ್ಜಿ ಹಾಕುವ ಮೊದಲೇ ಆತಿಥೇಯರ ಒಪ್ಪಿಗೆ ಪತ್ರ ಬೇಕು, ಮತ್ತು ಅರ್ಜಿಯಿಂದ ಫಲಿತಾಂಶದವರೆಗೆ ಹಲವು ತಿಂಗಳು ಹಿಡಿಯುತ್ತದೆ.

ಮೂರನೆಯದು ಸಂಸ್ಥೆಯ ಸ್ವಂತ ನಿಧಿ. ಬೆಂಗಳೂರಿನಲ್ಲೇ ಐಐಎಸ್‌ಸಿ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ, ಜಿಕೆವಿಕೆ ಆವರಣದ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಇವೆಲ್ಲವೂ ಪೋಸ್ಟ್‌ಡಾಕ್‌ಗಳನ್ನು ತೆಗೆದುಕೊಳ್ಳುತ್ತವೆ. ಇಲ್ಲಿ ಆಯ್ಕೆ ಸಮಿತಿ ಇರುತ್ತದೆ, ಆದರೆ ಒಳಗಿನ ಒಬ್ಬ ಪ್ರಾಧ್ಯಾಪಕರು ‘ಈ ಅಭ್ಯರ್ಥಿ ಬಂದರೆ ನನ್ನ ಗುಂಪಿನಲ್ಲಿ ಇರಲಿ’ ಎಂದು ಹೇಳಲು ಸಿದ್ಧರಿರಬೇಕು. ಮೂರು ದಾರಿಗಳಲ್ಲೂ ಕೊನೆಗೆ ಒಬ್ಬ ವ್ಯಕ್ತಿಯ ಬಾಗಿಲಿಗೇ ಬಂದು ನಿಲ್ಲುತ್ತೇವೆ ಎಂಬುದನ್ನು ಗಮನಿಸಿ.

ದೇಶದೊಳಗಿನ ಫೆಲೋಶಿಪ್‌ಗಳಲ್ಲಿ ಎಲ್ಲರೂ ಮೊದಲು ನೋಡುವುದು ರಾಷ್ಟ್ರೀಯ ಪೋಸ್ಟ್ ಡಾಕ್ಟರಲ್ ಫೆಲೋಶಿಪ್, ಎನ್‌ಪಿಡಿಎಫ್. ಹಿಂದೆ ಇದನ್ನು ಕೇಂದ್ರದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ (ಎಸ್‌ಇಆರ್‌ಬಿ) ಕೊಡುತ್ತಿತ್ತು. 2023ರ ಕಾಯ್ದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ ಎಸ್‌ಇಆರ್‌ಬಿ ಈಗ ವಿಲೀನವಾಗಿದೆ, ಹಾಗಾಗಿ ಹಳೆಯ ಕೊಂಡಿಗಳನ್ನು ನಂಬಿ ಕೂರಬೇಡಿ. ಎರಡು ವರ್ಷದ ಫೆಲೋಶಿಪ್ ಇದು, ಸಾಮಾನ್ಯ ವರ್ಗಕ್ಕೆ ವಯೋಮಿತಿ 35, ಮಹಿಳೆಯರಿಗೆ ಮತ್ತು ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ಒಬ್ಬ ಮಾರ್ಗದರ್ಶಕರ ಬಳಿ ಏಕಕಾಲಕ್ಕೆ ಇಬ್ಬರಿಗಿಂತ ಹೆಚ್ಚು ಎನ್‌ಪಿಡಿಎಫ್ ಫೆಲೋಗಳು ಇರುವಂತಿಲ್ಲ ಎಂಬ ನಿಯಮ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಪ್ರಸಿದ್ಧ ಪ್ರಾಧ್ಯಾಪಕರನ್ನೇ ಹಿಡಿದು, ಅವರ ಜಾಗ ತುಂಬಿದೆ ಎಂದು ಕೊನೆಯ ವಾರದಲ್ಲಿ ತಿಳಿದು ಪೇಚಾಡುವುದಕ್ಕಿಂತ ಮೊದಲ ಪತ್ರದಲ್ಲೇ ಕೇಳಿಬಿಡುವುದು ಒಳ್ಳೆಯದು.

ಅದಕ್ಕಿಂತ ದೊಡ್ಡದು ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಇನ್‌ಸ್ಪೈರ್ ಫ್ಯಾಕಲ್ಟಿ ಫೆಲೋಶಿಪ್. ಐದು ವರ್ಷ, ತಿಂಗಳಿಗೆ 1,25,000 ರೂಪಾಯಿ, ಸಂಶೋಧನೆಗೆ ವರ್ಷಕ್ಕೆ 7 ಲಕ್ಷ. ಸ್ಪರ್ಧೆ ಕಠಿಣ, ಸಾಮಾನ್ಯ ವರ್ಗಕ್ಕೆ ವಯೋಮಿತಿ 32. ಆದ್ದರಿಂದ ಇದು ಪಿಎಚ್.ಡಿ. ಮುಗಿದ ತಕ್ಷಣ ಹಾಕುವ ಅರ್ಜಿಯಲ್ಲ, ಒಂದೆರಡು ವರ್ಷ ಪೋಸ್ಟ್‌ಡಾಕ್ ಮಾಡಿ ಒಳ್ಳೆಯ ಪ್ರಕಟಣೆ ಬಂದ ಮೇಲೆ ಹಾಕುವ ಅರ್ಜಿ ಎಂಬುದು ನನ್ನ ಅಭಿಪ್ರಾಯ. ಜೀವವಿಜ್ಞಾನದವರಿಗೆ ಜೈವಿಕ ತಂತ್ರಜ್ಞಾನ ಇಲಾಖೆಯ ಡಿಬಿಟಿ-ಆರ್‌ಎ ಯೋಜನೆ ಇದೆ, ಅದರ ಸಂಯೋಜನೆ ನಡೆಯುವುದು ನಮ್ಮ ಐಐಎಸ್‌ಸಿಯಿಂದಲೇ. ಮದುವೆ, ಹೆರಿಗೆ, ಮನೆಯ ಜವಾಬ್ದಾರಿಗಳಿಂದ ಸಂಶೋಧನೆ ಬಿಟ್ಟಿದ್ದ ಮಹಿಳೆಯರು ಮರಳಿ ಬರಲೆಂದೇ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ವೈಸ್ ಯೋಜನೆಗಳಿವೆ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಪಿಎಚ್.ಡಿ. ಪದವಿಯನ್ನು ಬೀರುವಿನಲ್ಲಿಟ್ಟು ಟ್ಯೂಷನ್ ಹೇಳಿಕೊಡುತ್ತಿರುವ ಎಷ್ಟೋ ಪ್ರತಿಭಾವಂತ ಹೆಣ್ಣುಮಕ್ಕಳಿಗೆ ಇದು ಗೊತ್ತೇ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಸಮಾಜವಿಜ್ಞಾನದವರಿಗೆ ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿಯ (ಐಸಿಎಸ್‌ಎಸ್‌ಆರ್) ಪೋಸ್ಟ್‌ಡಾಕ್ಟರಲ್ ಫೆಲೋಶಿಪ್ ಇದೆ. ಬೆಂಗಳೂರಿನ ನಾಗರಬಾವಿಯ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ (ಐಸೆಕ್) ಅಥವಾ ಐಐಎಸ್‌ಸಿ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಂಥ (ನಿಯಾಸ್) ಸಂಸ್ಥೆಗಳತ್ತಲೂ ಕಣ್ಣಿಡಬಹುದು.

ಗಡಿಯಾರ ಯಾವಾಗ ಶುರುವಾಗುತ್ತದೆ?

ವಿದೇಶದ ಫೆಲೋಶಿಪ್‌ಗಳಲ್ಲಿ ವಯಸ್ಸು ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ, ಪಿಎಚ್.ಡಿ. ಪಡೆದು ಎಷ್ಟು ವರ್ಷವಾಯಿತು ಎಂಬುದೇ ಲೆಕ್ಕ. ಜರ್ಮನಿಯ ಹುಂಬೋಲ್ಟ್ ಪ್ರತಿಷ್ಠಾನದ ಪೋಸ್ಟ್‌ಡಾಕ್ ಫೆಲೋಶಿಪ್‌ಗೆ 4 ವರ್ಷ. ಯುರೋಪಿನ ಜೀವವಿಜ್ಞಾನ ಸಂಘಟನೆಯಾದ ಎಂಬೊದ ಫೆಲೋಶಿಪ್‌ಗೆ ಕೇವಲ 2 ವರ್ಷ. ಜಪಾನಿನ ವಿಜ್ಞಾನ ಪ್ರೋತ್ಸಾಹ ಸಂಸ್ಥೆ ಜೆಎಸ್‌ಪಿಎಸ್‌ನ ಫೆಲೋಶಿಪ್‌ಗೆ 6 ವರ್ಷ. ಮೊದಲ ವರ್ಷವನ್ನು ‘ಸ್ವಲ್ಪ ಸುಧಾರಿಸಿಕೊಳ್ಳೋಣ’ ಎಂದು ಕಳೆದವರಿಗೆ ಎಂಬೊದ ಬಾಗಿಲು ಅರ್ಧ ಮುಚ್ಚಿರುತ್ತದೆ.

ಇವುಗಳಲ್ಲಿ ಹುಂಬೋಲ್ಟ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅದರಲ್ಲಿ ವಿಷಯದ ಮಿತಿ ಇಲ್ಲ. ರಸಾಯನಶಾಸ್ತ್ರದವರೂ ಹಾಕಬಹುದು, ಹಳಗನ್ನಡ ಕಾವ್ಯ ಓದಿದವರೂ ಹಾಕಬಹುದು. ದೇಶವಾರು ಕೋಟಾ ಇಲ್ಲ. ಕೊನೆಯ ದಿನಾಂಕವೂ ಇಲ್ಲ, ವರ್ಷದ ಯಾವ ದಿನವಾದರೂ ಅರ್ಜಿ ಸಲ್ಲಿಸಬಹುದು, ಆಯ್ಕೆ ಸಮಿತಿ ವರ್ಷಕ್ಕೆ ಮೂರು ಬಾರಿ ಸೇರುತ್ತದೆ. 6ರಿಂದ 24 ತಿಂಗಳ ಅವಧಿ. ಬೇಕಾದದ್ದು ಜರ್ಮನಿಯ ಒಬ್ಬ ಆತಿಥೇಯ ಪ್ರಾಧ್ಯಾಪಕರ ಬೆಂಬಲ, ಮತ್ತು ಅವರೂ ನೀವೂ ಕೂಡಿ ಯೋಚಿಸಿದ ಯೋಜನೆ. ಎಂಬೊ ವಿಚಾರದಲ್ಲಿ ಭಾರತ 2016ರಿಂದ ಸಹ ಸದಸ್ಯ ರಾಷ್ಟ್ರವಾಗಿರುವುದರಿಂದ ನಮ್ಮ ಜೀವವಿಜ್ಞಾನಿಗಳಿಗೆ ಆ ದಾರಿ ತೆರೆದಿದೆ. ಜೆಎಸ್‌ಪಿಎಸ್‌ನಲ್ಲಿ ಸಾಮಾನ್ಯ ಮಾರ್ಗದಲ್ಲಿ ಅರ್ಜಿ ಸಲ್ಲಿಸುವವರು ಅಲ್ಲಿನ ಆತಿಥೇಯ ಪ್ರಾಧ್ಯಾಪಕರು. ಅಂದರೆ ಅವರು ಒಪ್ಪದೆ ನೀವು ಒಂದು ಹೆಜ್ಜೆಯನ್ನೂ ಇಡಲಾರಿರಿ.

ಯುರೋಪಿನ ಮೇರಿ ಸ್ಕ್ಲೋಡೋವ್ಸ್ಕಾ-ಕ್ಯೂರಿ ಪೋಸ್ಟ್‌ಡಾಕ್ ಫೆಲೋಶಿಪ್ ಅತ್ಯಂತ ಪ್ರತಿಷ್ಠಿತವಾದದ್ದು. ಕೊನೆಯ ದಿನ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ, ಫಲಿತಾಂಶ ಮುಂದಿನ ವರ್ಷದ ಆರಂಭದಲ್ಲಿ. 2024ರ ಸುತ್ತಿನಲ್ಲಿ 10,360 ಅರ್ಜಿಗಳು ಬಂದು 1,696 ಮಂದಿಗೆ ಫೆಲೋಶಿಪ್ ಸಿಕ್ಕಿತು. ಇಲ್ಲಿ ಒಂದು ವಿಶೇಷ ನಿಯಮವಿದೆ. ಅರ್ಜಿಯ ಕೊನೆಯ ದಿನಾಂಕಕ್ಕೆ ಹಿಂದಿನ 36 ತಿಂಗಳಲ್ಲಿ ನೀವು ಹೋಗಬಯಸುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ವಾಸವಾಗಿರಬಾರದು ಅಥವಾ ಕೆಲಸ ಮಾಡಿರಬಾರದು. ಭಾರತದಿಂದ ಮೊದಲ ಬಾರಿ ಹೊರಡುವವರಿಗೆ ಇದು ಅನುಕೂಲವೇ. ಆದರೆ ಈಗಾಗಲೇ ಒಂದೂವರೆ ವರ್ಷದಿಂದ ಸ್ಪೇನಿನಲ್ಲಿ ಪೋಸ್ಟ್‌ಡಾಕ್ ಮಾಡುತ್ತಿರುವವರು ಅಲ್ಲೇ ಉಳಿಯಲು ಇದನ್ನು ನೆಚ್ಚುವಂತಿಲ್ಲ. ಬೇರೆ ದೇಶದ ಆತಿಥೇಯರನ್ನು ನೋಡಿಕೊಳ್ಳಬೇಕು. ಅರ್ಜಿಯ ಮುಖ್ಯ ಭಾಗ ಹತ್ತು ಪುಟ, ಅದನ್ನು ಆತಿಥೇಯರ ಜೊತೆ ಕುಳಿತು ಹಲವು ಸಲ ತಿದ್ದಬೇಕಾಗುತ್ತದೆ. ಹಾಗಾಗಿ ಸೆಪ್ಟೆಂಬರ್‌ನ ಅರ್ಜಿಗೆ ಪತ್ರ ವ್ಯವಹಾರ ಯುಗಾದಿಯ ಹೊತ್ತಿಗೇ ಶುರುವಾಗಬೇಕು.

ಜರ್ಮನಿ, ನೆದರ್ಲೆಂಡ್ಸ್, ಸ್ವೀಡನ್‌ಗಳಲ್ಲಿ ಪ್ರಾಜೆಕ್ಟ್ ಹಣದ ಪೋಸ್ಟ್‌ಡಾಕ್ ಎಂದರೆ ಸಾಮಾನ್ಯವಾಗಿ ಪೂರ್ಣ ನೌಕರಿ. ಸಂಬಳ ಸರ್ಕಾರಿ ವೇತನ ಶ್ರೇಣಿ ಅಥವಾ ಸಾಮೂಹಿಕ ಒಪ್ಪಂದದಂತೆ, ಜೊತೆಗೆ ಆರೋಗ್ಯ ವಿಮೆ, ಪಿಂಚಣಿ, ಹೆರಿಗೆ ರಜೆ. ಫೆಲೋಶಿಪ್‌ನಲ್ಲಿ ಮೊತ್ತ ದೊಡ್ಡದಾಗಿ ಕಂಡರೂ ಈ ಸವಲತ್ತುಗಳು ಕೆಲವೊಮ್ಮೆ ಇರುವುದಿಲ್ಲ. ಸಂಸಾರ ಕಟ್ಟಿಕೊಂಡು ಹೋಗುವವರು ಮೊತ್ತಕ್ಕಿಂತ ಮೊದಲು ಇದನ್ನು ಕೇಳಬೇಕು. ಜರ್ಮನಿಯಲ್ಲಿ ಪಿಎಚ್.ಡಿ. ನಂತರ ಹೀಗೆ ತಾತ್ಕಾಲಿಕ ಒಪ್ಪಂದದಲ್ಲಿ ಇಟ್ಟುಕೊಳ್ಳಲು ಸಾಮಾನ್ಯವಾಗಿ 6 ವರ್ಷದ ಮಿತಿಯನ್ನು ಕಾನೂನೇ ಹಾಕಿದೆ.

ಅಮೆರಿಕದಲ್ಲಿ ಬಹುಪಾಲು ಪೋಸ್ಟ್‌ಡಾಕ್‌ಗಳು ಪ್ರಾಧ್ಯಾಪಕರ ಅನುದಾನದಲ್ಲೇ ನಡೆಯುತ್ತವೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತನ್ನ ಫೆಲೋಗಳಿಗೆ ನಿಗದಿಮಾಡುವ ದರವನ್ನು (2024ರಲ್ಲಿ ಆರಂಭಿಕ ಹಂತಕ್ಕೆ ವರ್ಷಕ್ಕೆ 61,008 ಡಾಲರ್) ಅನೇಕ ವಿಶ್ವವಿದ್ಯಾಲಯಗಳು ಅಳತೆಗೋಲಾಗಿ ಬಳಸುತ್ತವೆ. ಬಾಸ್ಟನ್‌ನಲ್ಲಿ ಈ ಹಣಕ್ಕೂ ಒಂದು ಸಣ್ಣ ಊರಿನಲ್ಲಿ ಇದೇ ಹಣಕ್ಕೂ ಅಜಗಜಾಂತರ, ಬಾಡಿಗೆ ವಿಚಾರಿಸಿಯೇ ಒಪ್ಪಿಕೊಳ್ಳಿ. ವೀಸಾ ಸಾಮಾನ್ಯವಾಗಿ ಜೆ-1, ಅಂದರೆ ವಿನಿಮಯ ಕಾರ್ಯಕ್ರಮದಲ್ಲಿ ಬರುವವರ ವೀಸಾ. ಹಿಂದೆ ಇದರಲ್ಲಿ ಭಾರತೀಯರನ್ನು ಹೆಚ್ಚಾಗಿ ಕಾಡುತ್ತಿದ್ದದ್ದು ಎರಡು ವರ್ಷ ತಾಯ್ನಾಡಿಗೆ ಮರಳಬೇಕೆಂಬ ಷರತ್ತು. ಅದಕ್ಕೆ ಆಧಾರವಾಗಿದ್ದ ಕೌಶಲಗಳ ಪಟ್ಟಿಯಿಂದ 2024ರ ಡಿಸೆಂಬರ್‌ನಲ್ಲಿ ಭಾರತವನ್ನು ತೆಗೆಯಲಾಯಿತು. ಆದರೆ ಸರ್ಕಾರಿ ಹಣದಲ್ಲಿ ಹೋಗುವವರಿಗೆ ಷರತ್ತು ಈಗಲೂ ಬರಬಹುದು. ಇನ್ನೊಂದು ಕಡೆ, ಹೊರದೇಶದಲ್ಲಿರುವವರಿಗಾಗಿ ಹೊಸದಾಗಿ ಸಲ್ಲಿಸುವ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಪಾವತಿ ಬೇಕೆಂದು 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಅಧ್ಯಕ್ಷರು ಆದೇಶ ಹೊರಡಿಸಿದರು. ಆದ್ದರಿಂದ ‘ನಿಮ್ಮ ವಿಶ್ವವಿದ್ಯಾಲಯ ಯಾವ ವೀಸಾ ಕೊಡಿಸುತ್ತದೆ?’ ಎಂದು ಕೇಳುವುದರಲ್ಲಿ ಯಾವ ಸಂಕೋಚವೂ ಬೇಡ.

ಆ ಮೊದಲ ಪತ್ರ

ಎಲ್ಲ ದಾರಿಗಳೂ ಒಬ್ಬ ಅಪರಿಚಿತ ಪ್ರಾಧ್ಯಾಪಕರಿಗೆ ಬರೆಯುವ ಇಮೇಲ್‌ನಿಂದ ಶುರುವಾಗುತ್ತವೆ, ಮತ್ತು ನಮ್ಮವರು ಸೋಲುವುದು ಹೆಚ್ಚಾಗಿ ಇಲ್ಲೇ. ‘ಗೌರವಾನ್ವಿತ ಸರ್, ನಾನು ಇಂಥ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮುಗಿಸಿದ್ದೇನೆ, ತಮ್ಮ ಜಗತ್ಪ್ರಸಿದ್ಧ ಪ್ರಯೋಗಾಲಯದಲ್ಲಿ ಅವಕಾಶ ಕಲ್ಪಿಸಬೇಕಾಗಿ ವಿನಂತಿ, ಸ್ವವಿವರ ಲಗತ್ತಿಸಿದೆ.’ ಈ ಪತ್ರ ನೂರು ಮಂದಿಗೆ ಹೋಗಬಲ್ಲದು, ಆದ್ದರಿಂದಲೇ ಯಾರೂ ಅದನ್ನು ತಮಗೆ ಬಂದ ಪತ್ರವೆಂದು ಓದುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಮಲೆನಾಡಿನ ಒಬ್ಬ ವಿದ್ಯಾರ್ಥಿನಿ ಅಡಿಕೆಯ ಕೊಳೆರೋಗದ ಮೇಲೆ ಪಿಎಚ್.ಡಿ. ಮಾಡಿದ್ದಾಳೆ ಎನ್ನಿ. ಕೊಳೆರೋಗ ತರುವುದು ಫೈಟೋಫ್ತೊರಾ ಎಂಬ ಕುಲದ ಜೀವಿ. ಇದೇ ಕುಲದ ಇನ್ನೊಂದು ಪ್ರಭೇದ ಆಲೂಗೆಡ್ಡೆಗೆ ಅಂಗಮಾರಿ ತರುತ್ತದೆ, 1840ರ ದಶಕದಲ್ಲಿ ಐರ್ಲೆಂಡಿನ ಮಹಾಕ್ಷಾಮಕ್ಕೆ ಕಾರಣವಾದದ್ದು ಅದೇ. ಅಡಿಕೆಯ ಮೇಲೆ ಕೆಲಸ ಮಾಡುವ ಲ್ಯಾಬ್ ಯುರೋಪಿನಲ್ಲಿ ಆಕೆಗೆ ಸಿಗಲಾರದು. ಆದರೆ ಆಲೂಗೆಡ್ಡೆಯ ಫೈಟೋಫ್ತೊರಾ ಮೇಲೆ ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಸಂಸ್ಥೆಯಲ್ಲಿ, ಇಂಗ್ಲೆಂಡಿನ ನಾರಿಚ್‌ನಲ್ಲಿರುವ ಸೇನ್ಸ್‌ಬರಿ ಪ್ರಯೋಗಾಲಯದಲ್ಲಿ ದೊಡ್ಡ ಕೆಲಸಗಳು ನಡೆದಿವೆ. ಆಕೆಯ ಹುಡುಕಾಟ ಬೆಳೆಯ ಹೆಸರಿನಿಂದಲ್ಲ, ರೋಗಾಣುವಿನ ಹೆಸರಿನಿಂದ ಶುರುವಾಗಬೇಕು. ಹೀಗೆ ತನ್ನ ವಿಷಯವನ್ನು ಒಂದು ಮೆಟ್ಟಿಲು ಮೇಲಿನಿಂದ ನೋಡುವುದೇ ಹುಡುಕಾಟದ ಅರ್ಧ ಕೆಲಸ.

ಇನ್ನು ಪತ್ರ. ಮೊದಲ ಸಾಲಿನಲ್ಲೇ ವಿಷಯಕ್ಕೆ ಬರಬೇಕು: ‘ಪಶ್ಚಿಮ ಘಟ್ಟದ ಅಡಿಕೆ ತೋಟಗಳಿಂದ ಫೈಟೋಫ್ತೊರಾ ತಳಿಗಳನ್ನು ಸಂಗ್ರಹಿಸಿ, ಅವು ಲೋಹಾಂಶದ ಶಿಲೀಂಧ್ರನಾಶಕಗಳಿಗೆ ಹೇಗೆ ಪ್ರತಿಕ್ರಿಯಿಸುತ್ತವೆ ಎಂಬುದನ್ನು ನನ್ನ ಪಿಎಚ್.ಡಿ.ಯಲ್ಲಿ ಅಧ್ಯಯನ ಮಾಡಿದ್ದೇನೆ.’ ಎರಡನೆಯ ಭಾಗದಲ್ಲಿ ಆ ಪ್ರಾಧ್ಯಾಪಕರ ಒಂದು ಇತ್ತೀಚಿನ ಲೇಖನವನ್ನು ನಿಜವಾಗಿ ಓದಿದವರಿಗೆ ಮಾತ್ರ ಹೊಳೆಯುವ ಪ್ರಶ್ನೆ: ‘ಆಲೂಗೆಡ್ಡೆಯಲ್ಲಿ ನೀವು ತೋರಿಸಿದ ಸಸ್ಯರಕ್ಷಣೆಯನ್ನು ಅಡಗಿಸುವ ಪ್ರೋಟೀನುಗಳಂಥವು ನನ್ನ ತಳಿಗಳಲ್ಲೂ ಇವೆಯೇ ಎಂದು ನೋಡಬೇಕೆಂದಿದ್ದೇನೆ, ಅದಕ್ಕೆ ಬೇಕಾದ ಜೀನೋಮ್ ವಿಶ್ಲೇಷಣೆ ನನಗೆ ಇನ್ನೂ ಬರುವುದಿಲ್ಲ, ಅದನ್ನು ಕಲಿಯಲು ನಿಮ್ಮಲ್ಲಿಗೆ ಬರಬಯಸುತ್ತೇನೆ.’ ಬರದದ್ದನ್ನು ಬರುವುದಿಲ್ಲ ಎಂದು ಹೇಳಿದ್ದರಿಂದ ಪತ್ರದ ಬೆಲೆ ಏರಿತೇ ಹೊರತು ಇಳಿಯಲಿಲ್ಲ. ಅವರ ಬಳಿ ಇಲ್ಲದ ತಳಿಗಳು, ತೋಟದ ಅನುಭವ ಆಕೆಯ ಬಳಿ ಇದೆ, ಆಕೆಯ ಬಳಿ ಇಲ್ಲದ ತಂತ್ರ ಅವರ ಬಳಿ ಇದೆ. ಮೂರನೆಯ ಭಾಗ ಹಣದ್ದು: ‘ನನ್ನ ಪ್ರಬಂಧ ಇಂಥ ತಿಂಗಳಲ್ಲಿ ಸಲ್ಲಿಕೆಯಾಗುತ್ತದೆ. ನಿಮ್ಮ ಬಳಿ ಅನುದಾನವಿದ್ದರೆ ತಿಳಿಸಿ, ಇಲ್ಲದಿದ್ದರೆ ಸೆಪ್ಟೆಂಬರ್‌ನ ಕ್ಯೂರಿ ಫೆಲೋಶಿಪ್‌ಗೆ ನಿಮ್ಮನ್ನು ಆತಿಥೇಯರನ್ನಾಗಿಟ್ಟುಕೊಂಡು ಅರ್ಜಿ ಹಾಕಲು ಸಿದ್ಧಳಿದ್ದೇನೆ.’ ಇಷ್ಟೇ, ಒಂದು ಪರದೆಯಲ್ಲಿ ಹಿಡಿಸುವಷ್ಟು. ಎರಡು ಪುಟದ ಸ್ವವಿವರ ಮತ್ತು ಅತ್ಯುತ್ತಮವಾದ ಒಂದು ಪ್ರಕಟಣೆ ಜೊತೆಗಿದ್ದರೆ ಸಾಕು. ಆಧಾರ್ ಸಂಖ್ಯೆ, ತಂದೆಯ ಹೆಸರು, ಧರ್ಮ, ಎಸ್ಸೆಸ್ಸೆಲ್ಸಿ ಅಂಕಗಳು ಇದರಲ್ಲಿ ಬೇಡ. ಅಂದ ಹಾಗೆ, ಬೇರೆ ದೇಶಕ್ಕೆ ರೋಗಾಣುವಿನ ತಳಿಗಳನ್ನು ಕಳಿಸಲು ಜೀವವೈವಿಧ್ಯ ಕಾಯ್ದೆಯಡಿ ಅನುಮತಿ ಬೇಕು, ಆದ್ದರಿಂದ ತಳಿಗಳನ್ನು ಜೇಬಿನಲ್ಲಿಟ್ಟು ತರುತ್ತೇನೆ ಎಂಬ ಧ್ವನಿ ಪತ್ರದಲ್ಲಿ ಬಾರದಿರಲಿ.

ಉತ್ತರ ಬರದಿದ್ದರೆ ಎರಡು ವಾರ ಬಿಟ್ಟು ಒಮ್ಮೆ ವಿನಯದಿಂದ ನೆನಪಿಸಿ, ಆಮೇಲೆ ಮುಂದಿನ ಹೆಸರಿಗೆ ಹೋಗಿ. ಮೌನ ತಿರಸ್ಕಾರವೇ ಆಗಬೇಕಿಲ್ಲ, ಅವರ ಅಂಚೆಪೆಟ್ಟಿಗೆ ತುಂಬಿರಬಹುದು, ಹಣ ಇಲ್ಲದಿರಬಹುದು.

ಜಾಹೀರಾತುಗಳು ಇಲ್ಲವೇ ಇಲ್ಲ ಎಂದಲ್ಲ. ಅವು ವಿಷಯವಾರು ಜಾಗಗಳಲ್ಲಿ ಇರುತ್ತವೆ. ಗಣಿತದವರಿಗೆ ಮ್ಯಾಥ್‌ಜಾಬ್ಸ್, ಖಗೋಳಶಾಸ್ತ್ರದವರಿಗೆ ಅಮೆರಿಕನ್ ಆಸ್ಟ್ರೋನಾಮಿಕಲ್ ಸೊಸೈಟಿಯ ಉದ್ಯೋಗ ಪಟ್ಟಿ, ಕಣ ಭೌತಶಾಸ್ತ್ರದವರಿಗೆ ಇನ್‌ಸ್ಪೈರ್-ಹೆಪ್, ಇತಿಹಾಸ ಮತ್ತು ಮಾನವಿಕಗಳಿಗೆ ಎಚ್-ನೆಟ್, ಯುರೋಪಿನ ಎಲ್ಲ ವಿಷಯಗಳಿಗೆ ಯೂರಾಕ್ಸೆಸ್, ಬ್ರಿಟನ್ನಿಗೆ ಜಾಬ್ಸ್.ಎಸಿ.ಯುಕೆ. ಖಗೋಳಶಾಸ್ತ್ರದಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ: ಅರ್ಜಿಗಳು ಅಕ್ಟೋಬರ್‌ನಿಂದ ಡಿಸೆಂಬರ್ ನಡುವೆ ಹೋಗುತ್ತವೆ, ಮತ್ತು ಫೆಬ್ರುವರಿ 15ಕ್ಕಿಂತ ಮೊದಲು ಒಪ್ಪಿಗೆ ಕೊಡಿ ಎಂದು ಅಭ್ಯರ್ಥಿಯನ್ನು ಒತ್ತಾಯಿಸಬಾರದು ಎಂದು ಸಂಸ್ಥೆಗಳು ತಮ್ಮಲ್ಲೇ ಒಪ್ಪಿಕೊಂಡಿವೆ. ಕಾವಲೂರಿನ ದೂರದರ್ಶಕದಲ್ಲಿ ಕೆಲಸ ಮಾಡಿ ಪಿಎಚ್.ಡಿ. ಮುಗಿಸುವವರು ಈ ಕ್ಯಾಲೆಂಡರ್ ತಪ್ಪಿಸಿದರೆ ಮುಂದಿನ ಶರತ್ಕಾಲದವರೆಗೆ ಅವಕಾಶಗಳು ಬಹಳ ಕಡಿಮೆ. ಪ್ರಾಯೋಗಿಕ ಜೀವವಿಜ್ಞಾನಕ್ಕೆ ಇಂಥ ಋತುವಿಲ್ಲ, ಅಲ್ಲಿ ವರ್ಷವಿಡೀ ಬೀಜ ಬಿತ್ತನೆ.

ಕನ್ನಡ, ಇತಿಹಾಸ, ಶಾಸನಶಾಸ್ತ್ರ ಓದಿದವರು ‘ನಮಗೆ ಹೊರಗೆ ಏನಿದೆ’ ಎಂದು ಕೈಚೆಲ್ಲುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಯುರೋಪಿಯನ್ ಸಂಶೋಧನಾ ಮಂಡಳಿಯ ಅನುದಾನದಲ್ಲಿ 2019ರಲ್ಲಿ ಶುರುವಾದ ‘ಧರ್ಮ’ ಎಂಬ ಯೋಜನೆ ದಕ್ಷಿಣ ಮತ್ತು ಆಗ್ನೇಯ ಏಷ್ಯಾದ ಶಾಸನಗಳನ್ನೇ ಆಧಾರವಾಗಿಟ್ಟುಕೊಂಡಿತ್ತು, ಪ್ಯಾರಿಸ್ ಮತ್ತು ಬರ್ಲಿನ್‌ನ ಸಂಸ್ಥೆಗಳು ಅದರಲ್ಲಿದ್ದವು. ಹೈಡೆಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆ, ಲಂಡನ್ನಿನ ಸೋಆಸ್, ನಮ್ಮ ಪಕ್ಕದಲ್ಲೇ ಇರುವ ಪುದುಚೇರಿಯ ಫ್ರೆಂಚ್ ಸಂಸ್ಥೆ, ಇವೆಲ್ಲ ಕದ ತಟ್ಟಬಹುದಾದ ಜಾಗಗಳು. ಹಳಗನ್ನಡ ಓದಬಲ್ಲ, ಶಾಸನದ ಅಚ್ಚನ್ನು ಬಿಡಿಸಬಲ್ಲ ಯುವ ವಿದ್ವಾಂಸರು ಜಗತ್ತಿನಲ್ಲಿ ಎಷ್ಟು ಮಂದಿ ಇದ್ದಾರೆ ಯೋಚಿಸಿ. ಅಪರೂಪದ ಆ ವಿದ್ಯೆಯನ್ನು ಇಂಗ್ಲಿಷಿನಲ್ಲಿ ನಾಲ್ಕು ಪುಟದ ಯೋಜನೆಯಾಗಿ ಬರೆಯುವ ಅಭ್ಯಾಸ ಇಲ್ಲದ್ದೊಂದೇ ಕೊರತೆ, ಮತ್ತು ಅದು ಕಲಿಯಬಹುದಾದ ಅಭ್ಯಾಸ.

ಶಿಫಾರಸು, ಸಂದರ್ಶನ, ಕಾಗದಪತ್ರ

ಸಾಮಾನ್ಯವಾಗಿ ಎರಡು ಮೂರು ಶಿಫಾರಸು ಪತ್ರಗಳು ಬೇಕು. ನಮ್ಮಲ್ಲಿ ‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವ ಗೈಡ್‌ಗಳು ಅನೇಕರಿದ್ದಾರೆ. ಇದು ಒಳ್ಳೆಯದಲ್ಲ. ಹಾಗೆ ಬರೆದ ಮೂರು ಪತ್ರಗಳು ಒಂದೇ ಧಾಟಿಯಲ್ಲಿದ್ದು, ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಬದಲಿಗೆ ಗೈಡ್‌ಗೆ ಒಂದು ಪುಟದ ಟಿಪ್ಪಣಿ ಕೊಡಿ: ನೀವು ಸ್ವಂತ ಯೋಚನೆಯಿಂದ ಬಿಡಿಸಿದ ಒಂದು ಸಮಸ್ಯೆ, ಜೂನಿಯರ್‌ಗಳಿಗೆ ಕಲಿಸಿದ್ದು, ಕೆಟ್ಟ ಉಪಕರಣವನ್ನು ಸರಿಮಾಡಿದ್ದು. ಇವುಗಳನ್ನು ನೋಡಿಕೊಂಡು ಅವರೇ ಬರೆಯಲಿ. ನಿಮ್ಮ ವಿಶ್ವವಿದ್ಯಾಲಯದ ಹೊರಗಿನ ಒಬ್ಬರ ಪತ್ರವಿದ್ದರೆ ತೂಕ ಹೆಚ್ಚು, ಅದಕ್ಕಾಗಿ ಪಿಎಚ್.ಡಿ. ನಡುವೆಯೇ ಯಾರೊಂದಿಗಾದರೂ ಸಹಯೋಗದ ಕೆಲಸ ಮಾಡಿಕೊಳ್ಳಬೇಕು.

ಪ್ರಕಟಣೆಯ ಬಗ್ಗೆ ಒಂದು ಮಾತು. ಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಎಂಬ ಕಡ್ಡಾಯವನ್ನು ಯುಜಿಸಿ 2022ರ ನಿಯಮಾವಳಿಯಲ್ಲಿ ಕೈಬಿಟ್ಟಿತು. ಹಣ ಕೊಟ್ಟು ಕಳಪೆ ನಿಯತಕಾಲಿಕೆಗಳಲ್ಲಿ ಹಾಕಿಸುವ ಪಿಡುಗಿಗೆ ಅದರಿಂದ ಕಡಿವಾಣ ಬಿದ್ದರೆ ಸಂತೋಷ. ಆದರೆ ಪೋಸ್ಟ್‌ಡಾಕ್ ಕೊಡುವವರು ಕೇಳುವುದು ಲೇಖನವನ್ನೇ. ನಿಯಮ ಕೈಬಿಟ್ಟಿದೆ ಎಂದು ನೀವೂ ಕೈಬಿಡಬೇಡಿ. ನಿಯತಕಾಲಿಕೆಯ ನಿರ್ಧಾರ ತಡವಾಗುತ್ತಿದ್ದರೆ ಆರ್ಕೈವ್ ಅಥವಾ ಬಯೋಆರ್ಕೈವ್ ಜಾಲತಾಣದಲ್ಲಿ ಮುಂಗಡಪ್ರತಿ (ಪ್ರಿಪ್ರಿಂಟ್) ಹಾಕಿ, ಓದಲು ಏನಾದರೂ ಸಿಗಲಿ.

ಸಂದರ್ಶನ ಸಾಮಾನ್ಯವಾಗಿ ವಿಡಿಯೊ ಕರೆಯಲ್ಲಿ, ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ನಿಮ್ಮ ಕೆಲಸದ ಬಗ್ಗೆ ಮಾತು, ಆಮೇಲೆ ಚರ್ಚೆ. ಅವರು ನಿಮ್ಮನ್ನು ಪರೀಕ್ಷಿಸುವಷ್ಟೇ ನೀವೂ ಅವರನ್ನು ವಿಚಾರಿಸಬೇಕು. ಒಪ್ಪಂದ ಎಷ್ಟು ಕಾಲ, ನವೀಕರಣ ಯಾವುದರ ಮೇಲೆ ನಿಂತಿದೆ? ಇಲ್ಲಿ ಶುರುಮಾಡಿದ ವಿಷಯದಲ್ಲಿ ಒಂದಷ್ಟನ್ನು ನಾನು ಹೊರಡುವಾಗ ನನ್ನದಾಗಿ ಕೊಂಡೊಯ್ಯಬಹುದೇ? ಈ ಎರಡನೆಯ ಪ್ರಶ್ನೆ ಬಹಳ ಮುಖ್ಯ, ಮುಂದೆ ಸ್ವಂತ ಗುಂಪು ಕಟ್ಟುವಾಗ ನಿಮ್ಮ ಬಂಡವಾಳ ಅದೇ. ಜೊತೆಗೆ ಹಿಂದೆ ಅಲ್ಲಿದ್ದ ಒಬ್ಬಿಬ್ಬರು ಪೋಸ್ಟ್‌ಡಾಕ್‌ಗಳಿಗೆ ನೇರವಾಗಿ ಬರೆದು ಕೇಳಿ. ತಂಡದ ಹಳೆಯ ಸದಸ್ಯರು ಈಗ ಎಲ್ಲಿದ್ದಾರೆ ಎಂಬ ಪಟ್ಟಿ ಬಹುಪಾಲು ಪ್ರಯೋಗಾಲಯಗಳ ಜಾಲತಾಣದಲ್ಲೇ ಇರುತ್ತದೆ. ಹೆಸರು ಎಷ್ಟೇ ದೊಡ್ಡದಿರಲಿ, ಅಲ್ಲಿಂದ ಹೊರಬಂದವರೆಲ್ಲ ಸಂಶೋಧನೆಯನ್ನೇ ಬಿಟ್ಟಿದ್ದರೆ ನಾನಾದರೆ ಎರಡು ಸಲ ಯೋಚಿಸುತ್ತೇನೆ.

ಇಷ್ಟರ ನಡುವೆ ಮೋಸದವರೂ ಇದ್ದಾರೆ. ಪ್ರಸಿದ್ಧ ವಿಶ್ವವಿದ್ಯಾಲಯದ ಲಾಂಛನ ಹಾಕಿ, ಸಂದರ್ಶನವೇ ಇಲ್ಲದೆ ನೇಮಕಾತಿ ಪತ್ರ ಕಳಿಸಿ, ವೀಸಾ ಸಂಸ್ಕರಣೆಗೆ ಹಣ ಕಟ್ಟಿ ಎನ್ನುತ್ತಾರೆ. ನಿಜವಾದ ಪ್ರಾಧ್ಯಾಪಕರು ಹುದ್ದೆ ಕೊಡಲು ನಿಮ್ಮಿಂದ ಒಂದು ಪೈಸೆಯನ್ನೂ ಕೇಳುವುದಿಲ್ಲ. ವೀಸಾ ಶುಲ್ಕ ಕಟ್ಟುವುದು ಆ ದೇಶದ ಅಧಿಕೃತ ವ್ಯವಸ್ಥೆಗೆ, ವ್ಯಕ್ತಿಯ ಖಾತೆಗಲ್ಲ. ಪತ್ರ ಬಂದ ವಿಳಾಸ ವಿಶ್ವವಿದ್ಯಾಲಯದ್ದೇ ಎಂದು ನೋಡಿ, ಅನುಮಾನವಿದ್ದರೆ ವಿಭಾಗದ ಪುಟದಲ್ಲಿರುವ ವಿಳಾಸಕ್ಕೆ ಬೇರೆಯಾಗಿ ಬರೆದು ಖಚಿತಪಡಿಸಿಕೊಳ್ಳಿ.

ಕೊನೆಯ ತೊಡಕು ನಮ್ಮ ಮನೆಯೊಳಗಿನದು. ಹುದ್ದೆ ಸಿಕ್ಕಿ, ವೀಸಾಕ್ಕೆ ಪದವಿ ಪ್ರಮಾಣಪತ್ರ ಬೇಕೆಂದಾಗ ಅದು ಸಿದ್ಧವಿರುವುದಿಲ್ಲ. ಪ್ರಬಂಧ ಸಲ್ಲಿಸಿದ ಆರು ತಿಂಗಳೊಳಗೆ ಮೌಖಿಕ ಪರೀಕ್ಷೆಯ ಫಲಿತಾಂಶದವರೆಗಿನ ಎಲ್ಲ ಪ್ರಕ್ರಿಯೆ ಮುಗಿಯಬೇಕು ಎಂದು 2022ರ ಯುಜಿಸಿ ನಿಯಮಾವಳಿ ಹೇಳುತ್ತದೆ. ವಾಸ್ತವದಲ್ಲಿ ಪರೀಕ್ಷಕರ ವರದಿ ಬರುವುದು ತಡವಾಗುತ್ತದೆ, ಘಟಿಕೋತ್ಸವ ಮತ್ತೂ ದೂರ. ಹೀಗಾಗಿ ಪ್ರಬಂಧ ಸಲ್ಲಿಸಿದ ದಿನಾಂಕದ ಸ್ವೀಕೃತಿ ಪತ್ರವನ್ನು ಜೋಪಾನ ಮಾಡಿ. ವರದಿಗಳು ಎಲ್ಲಿವೆ ಎಂದು ಮೌಲ್ಯಮಾಪನ ಕುಲಸಚಿವರ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸಿ, ಅಗತ್ಯ ಬಿದ್ದರೆ ಆ ನಿಯಮವನ್ನು ಉಲ್ಲೇಖಿಸಿ. ಮೌಖಿಕ ಪರೀಕ್ಷೆ ಮುಗಿದು ಪದವಿ ಪ್ರದಾನದ ಅಧಿಸೂಚನೆ ಹೊರಟ ದಿನವೇ ತಾತ್ಕಾಲಿಕ ಪದವಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ. ಅದೂ ತಡವಾಗುವಂತಿದ್ದರೆ, ಪದವಿಯ ಎಲ್ಲ ಅಗತ್ಯಗಳನ್ನು ಇಂಥ ದಿನಾಂಕದಂದು ಪೂರೈಸಿದ್ದಾರೆ ಎಂದು ಇಂಗ್ಲಿಷಿನಲ್ಲಿ, ಮೊಹರು ಮತ್ತು ಸಹಿಯೊಂದಿಗೆ ಒಂದು ಪತ್ರ ಕೇಳಿ. ವಿದೇಶದ ಅನೇಕ ವಿಶ್ವವಿದ್ಯಾಲಯಗಳು ಸದ್ಯಕ್ಕೆ ಅದನ್ನು ಒಪ್ಪಿಕೊಳ್ಳುತ್ತವೆ. ಆ ಪತ್ರದ ದಿನಾಂಕವೂ ಪ್ರಮಾಣಪತ್ರದ ದಿನಾಂಕವೂ ಬೇರೆ ಬೇರೆಯಾಗಿದ್ದರೆ ಫೆಲೋಶಿಪ್ ಅರ್ಜಿಯಲ್ಲಿ ಯಾವುದನ್ನು ನಮೂದಿಸಬೇಕು ಎಂದು ಅನುದಾನ ಸಂಸ್ಥೆಯನ್ನೇ ಇಮೇಲ್‌ನಲ್ಲಿ ಕೇಳಿ, ಅವರ ಉತ್ತರವನ್ನು ಅರ್ಜಿಯ ಕಡತದಲ್ಲೇ ಇಟ್ಟುಕೊಳ್ಳಿ.